ಬಚ್ಚಿಟ್ಟ ಚಕ್ರಗಳು

ಫಿಲಾಂದಿಯಾ, ಬುಧವಾರ

ಅಪ್ಪಾ,

ಚಿಕ್ಕಮ್ಮನ ಮನೆಗೆ ಹೋಗುವ ಮುಂಚೆ ಜೀಪಿನ ಚಕ್ರ ಬಿಚ್ಚಿ ಎಲ್ಲಿ ಬಚ್ಚಿಟ್ಟಿರಿ? ಅಟ್ಟ, ಕಾಫಿ ಕಣ ಎಲ್ಲ ಹುಡುಕಿ ಸಾಕಾಯಿತು. ಪೇಟೆಯಲ್ಲಿ ಕಿರಿದಾದ ಟೈರಿನ ಚಕ್ರ ಸಿಗದೆ ಅಗಲ ಟೈರಿನವನ್ನೇ ಕೊಂಡುತಂದೆ. "ಹಾಕ್ಸಮ್ಮ, ಮುದುಕ ಜೀಪು ಮದುಮಗ ಆಗ್ತಾನೆ" ಎಂದ ಅಂಗಡಿಯ ಓಲ್ಮೆರ್.

ಮದುಮಗನೇನೋ ಆದ. ಸೋಮವಾರ ಜೀಪಿನ ಹಿಂಬದಿಗೆ ಕಾಫಿ ಮೂಟೆ ಹೇರಿ, ಹಿಂದಿನ ಮೆಟ್ಟಿಲಲ್ಲಿ ನಾಲ್ವರು ಜೋತುಬಿದ್ದಾಗ ಜೀಪಿನ ಮೂತಿ ಹಗುರಾಯಿತು. ಕೆಸರಿನ ತಿರುವಿನಲ್ಲಿ ಅಗಲದ ಟೈರು ತೇಲಿ, ನಾನು ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಣಿವೆಯ ಕಡೆಗೇ ಜಾರಿತು. ಅಣ್ಣ ಆರ್ಲೆ ಹಬ್ಬದ ಪಂದ್ಯಕ್ಕೆಂದು ಹೊರೆ ಹೇರಿದ ಜೀಪನ್ನು ಹಿಂದಿನ ಎರಡೇ ಚಕ್ರಗಳ ಮೇಲೆ ಎತ್ತಿ ಓಡಿಸಲು ಹೋಗಿ ಉರುಳಿದ ತಿರುವೇ ಅದು. ಪಕ್ಕದ ಮನೆಯ ಒಫೆಲಿಯಾ ಓಡಿ ಬಂದು ಬಾನೆಟ್ಟಿನ ಮೇಲೆ ಕೂತಳು, ಜೀಪು ನೆಲ ಕಚ್ಚಿ ನಿಂತಿತು. "ನನ್ನ ದಪ್ಪ ಸೊಂಟ ನೋಡಿ ನಗ್ತಿದ್ರಲ್ಲ, ಈಗ ನಗ್ರಿ!" ಎಂದಳು. ಯಾರೂ ನಗಲಿಲ್ಲ.

ಕಿರಿದಾದ ಟೈರು ಕೆಸರು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ ಎಂದು ನೀವು ಅಣ್ಣನಿಗೆ ಕಲಿಸುವಾಗ ನಾನೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ.

ಯಾಕೆ ಬಚ್ಚಿಟ್ಟಿರೆಂದು ಕೇಳುವುದಿಲ್ಲ, ಅಣ್ಣನ ಹಾಗೆ ನಾನೂ ಉರುಳಬಾರದೆಂದು ತಾನೆ. ಎಲ್ಲಿವೆ ಎಂದು ಈ ಪತ್ರ ತಂದ ಡ್ರೈವರನ ಕೈಯಲ್ಲೇ ತಿಳಿಸಿ. ತಿಳಿಸದಿದ್ದರೂ ಶನಿವಾರ ಸಂತೆಗೆ ಹೊರಡುತ್ತೇನೆ, ಇದೇ ಟೈರಿನಲ್ಲಿ.

ನಿಮ್ಮ ಮಗಳು,
ಯಾನೆತ್