ಎರಡು ಬೆರಳಷ್ಟು ಅಮೃತಶಿಲೆ

ಜುಲೈ 4, ಬೆಳಿಗ್ಗೆ 6.30

ಇವತ್ತೂ ಬಿಸಿಲೇರುವ ಮೊದಲೇ ಶುರು. ಬಿಸಿಲು ಬಿದ್ದರೆ ಅಮೃತಶಿಲೆ ಹೊಳೆಯುತ್ತದೆ, ಸ್ಕ್ಯಾನರ್ ಕುರುಡಾಗುತ್ತದೆ. ಒಂದು ಪೀಠ, ಅದರ ಮೇಲೆ ಎರಡು ಪಾದ. ಕಣಕಾಲಿನಿಂದ ಮೇಲೆ ಏನೂ ಇಲ್ಲ. ಮೇಲಿದ್ದ ಹುಡುಗಿಯ ಪ್ರತಿಮೆಯನ್ನು ಇನ್ನೂರು ವರ್ಷದ ಹಿಂದೆ ಹಡಗು ಹತ್ತಿಸಿಕೊಂಡು ಹೋದರು. ಪೀಠ ಭಾರವೆಂದು ಇಲ್ಲೇ, ನಮ್ಮ ಗ್ರೀಕ್ ದ್ವೀಪದಲ್ಲೇ ಬಿಟ್ಟರು. ಆ ಹೊರದೇಶದ ಮ್ಯೂಸಿಯಂ ಈಗ ಅವಳ ಸ್ಕ್ಯಾನ್ ಕಳಿಸಿದೆ, ಅವಳನ್ನಲ್ಲ. ಟ್ಯಾಬ್ಲೆಟ್ ಹಿಡಿದು ನೋಡಿದವರಿಗೆ ಅವಳು ತನ್ನ ಪಾದಗಳ ಮೇಲೆ ನಿಂತಂತೆ ಕಾಣಬೇಕು. ಅದು ನನ್ನ ಕೆಲಸ.

ಅಪ್ಪ ಅಂಜೂರದ ಮರದಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮೂವತ್ತೊಂದು ವರ್ಷ ಇಲ್ಲಿ ಕಾವಲುಗಾರ. ನಿವೃತ್ತಿಯಾಗಿ ಹತ್ತು ವರ್ಷವಾದರೂ ಸೀಟಿ ಕೊರಳಲ್ಲೇ ಇದೆ. ಒಬ್ಬ ಪ್ರವಾಸಿ ಪೀಠದ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಟಿಕೊಂಡ. ಸೀಟಿ!

"ಏಯ್, ತೆಗಿಯೋ ಕಾಲು! ನಿಮ್ಮಜ್ಜಿ ಮನೆ ಜಗಲಿ ಅಂದ್ಕೊಂಡಿದೀಯಾ?"

ಕೂಗಿದ್ದಕ್ಕೆ ಹತ್ತು ನಿಮಿಷ ಏದುಸಿರು. ಹೃದಯ ಸೋತಿದೆ, ದ್ರಾಕ್ಷಿ ಕೊಯ್ಲಿನವರೆಗೆ ಉಳಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರು. ಅವನಿಗೂ ಗೊತ್ತು. ನನ್ನ ಹೆಸರು ಹಿಡಿದು ಕರೆದು ಹೇಳಿದ:

"ಅವಳು ನಿಂತಿದ್ದನ್ನ ನೋಡ್ಕೊಂಡು ಹೋಗ್ತೀನಿ ಕಣೇ ಕಲ್ಲಿರೋಯಿ. ಬೇರೇನೂ ಬೇಡ."

ಜುಲೈ 9

ಕೂಡುತ್ತಿಲ್ಲ. ಕಾಲಿಗೂ ಪಾದಕ್ಕೂ ನಡುವೆ ಎರಡು ಬೆರಳಷ್ಟು ಅಂತರ. ಮೂರು ಸಲ ಅಳೆದೆ. ಅಥೆನ್ಸಿನಲ್ಲಿರುವ ಥಾಲಿಯಾ ಮೇಡಂಗೆ ಫೋನ್. ಯೋಜನೆಯ ಮುಖ್ಯಸ್ಥೆ ಅವರು.

"ಆ ಅಂತರ ಹೇಗಾಯ್ತು ಅಂತ ಹೇಳಕ್ಕಾಗುತ್ತಾ? ಇಲ್ದಿದ್ರೆ ಪಾದ ಬೇರೆ ಯಾವ್ದೋ ಪ್ರತಿಮೇದು ಅಂತ ಬರೀಬೇಕಾಗುತ್ತೆ. ಹುಡುಗಿ 'ಮೂಲಸ್ಥಳ ಗೊತ್ತಿಲ್ಲ' ಅನ್ನೋ ಪಟ್ಟಿಗೆ ಹೋಗ್ತಾಳೆ. ತಿಂಗಳ ಕೊನೆಯವರೆಗೆ ಟೈಮಿದೆ."

ಒಂದು ವಿಚಿತ್ರ. ಮುರಿದ ಕಲ್ಲು ಒರಟಾಗಿರಬೇಕು. ಈ ಪಾದಗಳ ಮೇಲ್ತುದಿ ಸವೆದ ಒರಳಿನಂತೆ ನುಣ್ಣಗೆ, ಹಳ್ಳವಾಗಿದೆ. ಎಡಪಾದದಲ್ಲಿ ಮಾತ್ರ ಸಣ್ಣ ಗೀರುಗಳು, ಹೊಸವು... ಅವಳು ಯಾವಾಗ ನಿಲ್ಲುತ್ತಾಳೆ ಎಂದು ಅಪ್ಪ ಕೇಳಿದ. ಇನ್ನೊಂದು ವಾರ ಎಂದೆ.

ಜುಲೈ 12, ಮಧ್ಯಾಹ್ನ

ಪಕ್ಕದ ಮನೆಯ ಗರುಫಲ್ಯಾ ಅತ್ತೆ ಅನ್ನ ತುಂಬಿದ ಟೊಮ್ಯಾಟೊ ತಂದರು. ಎಂಬತ್ತಾರು ವರ್ಷ, ನಾಲಿಗೆಗೆ ಮಾತ್ರ ಇಪ್ಪತ್ತು. ಪರದೆಯ ಮೇಲಿನ ಪಾದ ನೋಡಿ ನಕ್ಕರು.

"ಇದಾ? ನಮ್ಮ ಹಾಲಿನ ಕಲ್ಲಲ್ವೇನೇ! ಬಾಣಂತಿಗೆ ಹಾಲು ಬರ್ಲಿಲ್ಲ ಅಂದ್ರೆ ಚೂರು ಹೆರೆದು, ನೀರಲ್ಲಿ ಕದಡಿ ಕುಡಿಸ್ತಿದ್ವಿ. ನಮ್ಮಜ್ಜಿ, ಅವರಜ್ಜಿ, ಎಲ್ರೂ ಕುಡಿದೋರೇ."

"ಯಾವಾಗ ನಿಲ್ತು?"

"ನಿಮ್ಮಪ್ಪ ಬೇಲಿ ಹಾಕಿ ಸೀಟಿ ಊದಕ್ಕೆ ಶುರು ಮಾಡಿದ ಮೇಲೆ. ಕಾಗೆ ಓಡಿಸಿದ ಹಾಗೆ ಓಡಿಸಿಬಿಟ್ಟ ನಮ್ಮನ್ನ."

ಆಮೇಲೆ ತಟ್ಟೆಯ ಮೇಲಿನ ಬಟ್ಟೆ ಸರಿಮಾಡಿದರು. "ಆಮೇಲೂ ಒಂದ್ಸಲ ಆಯ್ತು. ನನ್ನ ಕೇಳ್ಬೇಡ. ಅವನನ್ನೇ ಕೇಳು."

ಅದೇ ದಿನ, ಸಂಜೆ

ಕೇಳಿದೆ. ಅಪ್ಪ ಸೀಟಿಯನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟ.

"ಎಂಬತ್ನಾಲ್ಕು, ಫೆಬ್ರವರಿ. ನೀನು ಹುಟ್ಟಿ ಹನ್ನೊಂದು ದಿನ. ನಿಮ್ಮಮ್ಮನಿಗೆ ಒಂದು ಹನಿ ಹಾಲಿಲ್ಲ. ಬಿರುಗಾಳಿ, ಹಡಗಿಲ್ಲ, ಅಂಗಡೀಲಿ ಹಾಲಿನಪುಡಿ ಇಲ್ಲ. ಮೇಕೆ ಹಾಲು ಕೊಟ್ರೆ ಕಕ್ತಿದ್ದೆ. ಅಳೋದೂ ನಿಲ್ಲಿಸ್ಬಿಟ್ಟಿದ್ದೆ ನೀನು. ಆಗ... ಗೇಟಿಗೆ ಒಳಗಿಂದ ಬೀಗ ಹಾಕ್ಕೊಂಡು, ಚಾಕು ತಗೊಂಡು ಕೂತೆ. ಕಾವಲುಗಾರ ನಾನು!"

"ಹಾಲು ಬಂತಾ?"

"ಬಂತು. ಕಲ್ಲಿಂದಾನೋ, ನಂಬಿಕೆಯಿಂದಾನೋ, ನಂಗೇನು ಗೊತ್ತು." ಆಮೇಲೆ ಹೇಳಿದ, "ಬರಿ. ನನ್ನ ಹೆಸರು ಹಾಕೇ ಬರಿ. ಅವಳನ್ನ ಊರಿಲ್ಲದೋಳು ಮಾಡ್ಬೇಡ."

"ಊರೋರು ಏನಂತಾರಪ್ಪಾ?"

"ಬೇಲಿಯೇ ಎದ್ದು ಹೊಲ ಮೇಯ್ತು ಅಂತಾರೆ. ಸುಳ್ಳಾ?"

ಜುಲೈ 15

ಬರೆದಿಲ್ಲ. ಅಪ್ಪ ಬಂದರೆ ಕಾಫಿ ಅಂಗಡಿಯಲ್ಲಿ ಈಗಲೂ ಎದ್ದು ನಿಲ್ಲುತ್ತಾರೆ. ಆ ಹೆಸರಿನ ಮುಂದೆ 'ಹಾನಿ ಮಾಡಿದವನು' ಎಂದು ನಾನು ಬರೆಯಬೇಕೆ?

ಮೌಸ್ ಹಿಡಿದು ಹುಡುಗಿಯನ್ನು ಎರಡು ಬೆರಳು ಕೆಳಗೆಳೆದೆ. ಒಂದು ನಿಮಿಷದ ಕೆಲಸ. ಕಾಲು ಪಾದಕ್ಕೆ ಅಂಟಿತು. ಅಪ್ಪನನ್ನು ಪೀಠದ ಮುಂದೆ ಕೂರಿಸಿ ಟ್ಯಾಬ್ಲೆಟ್ ಕೊಟ್ಟೆ. "ಥಾಲಿಯಾ ಮೇಡಂ ಒಪ್ಪಿದ್ರು ಅಪ್ಪಾ." ಹಸಿ ಸುಳ್ಳು.

ತುಂಬ ಹೊತ್ತು ನೋಡಿದ. ಅಳುತ್ತಾನೆ ಎಂದುಕೊಂಡೆ.

"ಕುಳ್ಳಿ ಮಾಡಿದೀಯಲ್ಲೇ ಇವಳನ್ನ."

ಟ್ಯಾಬ್ಲೆಟ್ ನನ್ನ ಕೈಗೆ ತುರುಕಿದ.

"ಮೂವತ್ತೊಂದು ವರ್ಷ ಇಲ್ಲೇ ನಿಂತು ಮನಸ್ಸಲ್ಲೇ ಅಳೆದಿದೀನಿ. ಅವಳ ಕಣ್ಣು ಆ ಗೋಡೆ ತುದೀಗೆ ಸರಿಯಾಗಿ ಬರ್ಬೇಕು. ಮೇಲೆತ್ತು. ನಾವು ತಿಂದಷ್ಟು ಜಾಗ ಬಿಡು."

ಎತ್ತಿದೆ. ತನ್ನ ಪಾದಗಳಿಂದ ಎರಡು ಬೆರಳು ಮೇಲೆ, ಗಾಳಿಯಲ್ಲಿ ನಿಂತಳು. ಕಣ್ಣು ಗೋಡೆಯ ತುದಿಗೆ ಬಂತು. ಸಂದಿನಲ್ಲಿ ಸಮುದ್ರ ಕಾಣುತ್ತಿತ್ತು.

"ಹಾಂ. ಬಂದ್ಲು," ಎಂದ. ಆಗ ಅತ್ತ. ನಾನೂ.

ಮನೆಗೆ ಬರುವಾಗ ಕೇಳಿದ, "ಬರೀತೀಯಾ?"

"ನಾಳೆ ಬರೀತೀನಪ್ಪಾ."

ಜುಲೈ 16

ಕಾಫಿ ಮಾಡಿ ಕರೆದೆ. ಮತ್ತೆ ಕರೆದೆ.

ಜುಲೈ 24

ಒಂಬತ್ತನೆಯ ದಿನ. ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಬೆರೆಸಿ ಚರ್ಚಿನ ಬಾಗಿಲಲ್ಲಿ ಹಂಚಿದೆ. ಊರಿಗೆ ಊರೇ ಬಂದಿತ್ತು. ಒಬ್ಬೊಬ್ಬರೂ ಅಂಗೈಯಲ್ಲಿ ಹಿಡಿದು ಎಂದಿನಂತೆ ಹೇಳಿದರು: "ದೇವರು ಅವನನ್ನ ಕ್ಷಮಿಸ್ಲಿ." ಯಾರು ಸತ್ತರೂ ಹೇಳುವ ಮಾತೇ. ನೂರು ಸಲ ನಾನೇ ಹೇಳಿದ್ದೇನೆ. ಇವತ್ತು ಒಂದೊಂದು ಸಲಕ್ಕೂ ಎದೆಯಲ್ಲಿ ಚಾಕು ಆಡಿಸಿದಂತಾಯಿತು. ಆಗಲೇ ಬರೆದಿದ್ದರೆ, ಬದುಕಿದ್ದಾಗಲೇ ಅವನಿಗೆ ಇದನ್ನು ಕೇಳಿಸಬಹುದಿತ್ತು. ನಾಳೆ ಎಂದವಳು ನಾನು.

ಗರುಫಲ್ಯಾ ಅತ್ತೆ ಕಿವಿಯ ಹತ್ತಿರ ಬಂದರು. "ಬರಿಯೇ ಹುಡುಗಿ. ನನ್ನ ಹೆಸರೂ ಹಾಕು. ಮೂರು ಹೆತ್ತಿದೀನಿ, ಮೂರಕ್ಕೂ ಕುಡಿದಿದೀನಿ."

ಜುಲೈ 31, ಬೆಳಿಗ್ಗೆ

ಕೊನೆಯ ದಿನ. ಪೀಠದ ಪಕ್ಕ, ಅವನ ಕುರ್ಚಿಯಲ್ಲಿ ಕೂತು ವರದಿ ತುಂಬುತ್ತಿದ್ದೇನೆ. ಮೊದಲು ಈ ಡೈರಿಯಲ್ಲಿ, ಆಮೇಲೆ ಥಾಲಿಯಾ ಮೇಡಂ ಅವರ ನಮೂನೆಯಲ್ಲಿ.

ಅಂತರ: ಎರಡು ಬೆರಳು. ಮುಚ್ಚಿಲ್ಲ, ಹಾಗೇ ಬಿಟ್ಟಿದೆ.

ಕಾರಣ: ಎದೆಹಾಲಿಗಾಗಿ ಹೆರೆದದ್ದು.

ಹೆರೆದವರು: ಈ ಊರಿನ ಹೆಂಗಸರು, ತಲೆತಲಾಂತರದಿಂದ. ಅವರಲ್ಲಿ ಗರುಫಲ್ಯಾ. ಕೊನೆಯದಾಗಿ 1984ರಲ್ಲಿ ಪರಸ್ಕೆವಾಸ್ ರಿಗೂತ್ಸೋಸ್, ಕಾವಲುಗಾರ, ನನ್ನ ಅಪ್ಪ.

ಅದರಿಂದ ಬದುಕಿದವರು: ಇಂಥ ಕಾಲಂ ಅವರ ನಮೂನೆಯಲ್ಲಿಲ್ಲ. ನಾನೇ ಸೇರಿಸುತ್ತೇನೆ. ಅದರಿಂದ ಬದುಕಿದವರು — ಈ ಊರಿನ ಮಕ್ಕಳು. ಕೊನೆಯದಾಗಿ ಕಲ್ಲಿರೋಯಿ, ನಾನು.