ಟ್ಯೂಬ್‌ಲೈಟಿಗೆ ಎಷ್ಟು ನಮಸ್ಕಾರ

ಹಿರಿಯೂರು, ಏಪ್ರಿಲ್ 1998

ಅಪ್ಪಾ,

ನೀನು ತೀರಿಹೋದ ಮೇಲಿನ ಈ ಮೊದಲ ಬೇಸಿಗೆಯಲ್ಲಿ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಪಡಸಾಲೆಯಲ್ಲಿ ಹಳದಿ ಬಲ್ಬಿನ ಆಳ್ವಿಕೆ ಮುಗಿಯಿತು. ಸೆಕೆಗೆ ಅದರ ಕಾವೂ ಸೇರಿ ಬೇಯುತ್ತಿದ್ದೆವು. ನಿನ್ನೆ ಟ್ಯೂಬ್‌ಲೈಟ್ ಹಾಕಿಸಿದೆ. ಸುಣ್ಣ ಬಳಿಯದೆಯೇ ಗೋಡೆಗಳು ಬೆಳ್ಳಗಾಗಿವೆ.

ತೊಡಕು ಒಂದೇ. ಮುಸ್ಸಂಜೆ ದೀಪ ಹತ್ತಿದಾಗ ಅಮ್ಮ ಕೈಮುಗಿಯಬೇಕಲ್ಲ? ಬೇಸಿಗೆಯ ವೋಲ್ಟೇಜಿಗೆ ಇದು ಮಿಣುಕಿ, ಆರಿ, ಮತ್ತೆ ಮಿಣುಕುತ್ತದೆ. ಪ್ರತಿ ಮಿಣುಕಿಗೂ ಅಮ್ಮನದೊಂದು ನಮಸ್ಕಾರ.

"ಪೂರ್ತಿ ಹತ್ಲಿ ತಡಿಯಮ್ಮ," ಅಂದೆ.

"ಇರ್ಲಿ ಬಿಡಲೇ. ನಿಮ್ಮಪ್ಪಾರೂ ಹಿಂಗೇ, ಒಂದ್ಸಲ ಕರುದ್ರೆ ಬಂದೋರಲ್ಲ," ಅಂದಳು.

ದೀಪ ಪೂರ್ತಿ ಹತ್ತಿದ ಮೇಲೂ ಮುಗಿದ ಕೈ ಇಳಿಸಲಿಲ್ಲ.

ಅಮ್ಮನ ಕನಸಿಗೆ ಬಂದು, ಒಂದೇ ನಮಸ್ಕಾರ ಸಾಕೆಂದು ಹೇಳಿಹೋಗು. ಕರೆದ ಮೊದಲ ಸಲಕ್ಕೇ ಬಾ.