ಕತ್ತಲಾದ ಮೇಲಿನ ಹಾಡು

ಲೊರೆಟಾ ಅಜ್ಜಿಗೆ,

ಇಷ್ಟು ದಿನ ಬಾಯಿಬಿಡದ ವಿಷಯವೊಂದನ್ನು ಹೇಳುತ್ತೇನೆ. ರಾತ್ರಿ ಹಾಡು ಹಾಕುತ್ತಿರುವುದು ನಾನಲ್ಲ. ನಮ್ಮದು ಹಗಲಿನ ರೇಡಿಯೊ ಸ್ಟೇಷನ್. ಸೂರ್ಯ ಮುಳುಗಿದ ಕೂಡಲೇ ಪ್ರಸಾರ ನಿಲ್ಲಿಸಬೇಕೆಂಬುದು ಸರ್ಕಾರದ ನಿಯಮ. ವರ್ಜಿಲ್ ಅಜ್ಜ ಬದುಕಿದ್ದಾಗ ಅವರು ನಿಲ್ಲಿಸುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು ನಿಲ್ಲಿಸುತ್ತಿದ್ದೇನೆ. "ಊಟ ಆದ್ಮೇಲೂ ನಮ್ಮನೆಯವರ ಹಳೇ ಟೇಪ್ ಹಾಕ್ತೀಯಲ್ಲೋ, ಸ್ಕೂಲು ಬಿಟ್ಟ ಕತ್ತೆಗೆ ಎಷ್ಟು ಬುದ್ಧಿ!" ಎಂದು ನೀವು ಹೊಗಳಿದಾಗ, ನಿಮ್ಮ ಖುಷಿ ನೋಡಿ ಸುಮ್ಮನಿದ್ದೆ.

ನಿನ್ನೆ ಸಂಜೆ ಪ್ರಸಾರ ನಿಲ್ಲಿಸಿಯೇ ನಿಮ್ಮ ಮನೆಗೆ ಬಂದೆ. ನೀವು ಒಲೆಯ ಮುಂದೆ ಬೀನ್ಸ್ ಕಲಕುತ್ತಿದ್ದಿರಿ, ನಾನು ನಿಮ್ಮ ಹಿಂದೆ ನಿಂತಿದ್ದೆ. ರೇಡಿಯೊದಲ್ಲಿ ನಿಮ್ಮ ಮದುವೆ ಕಾಲದ ಹಾಡು ಮುಗಿದು ಅಜ್ಜನ ದನಿ ಬಂತು: "ಲೊರೆಟಾ, ಗುಡ್ಡ ಹತ್ತಿ ಸ್ಟೇಷನ್ನಿಗೆ ಬಾರೇ. ಒಬ್ಬನಿಗೇ ಬೇಜಾರು."

"ಬಂದೆ, ತಡೀರಿ" ಎಂದು ನೀವು ನಕ್ಕಿರಿ. ಅಂಥ ಟೇಪ್ ನಮ್ಮಲ್ಲಿಲ್ಲ ಅಜ್ಜಿ. ಇರುವುದನ್ನೆಲ್ಲ ನಾನು ಕೇಳಿದ್ದೇನೆ.

ರೇಡಿಯೊ ಹಾಕಬೇಡಿ ಎನ್ನಲಾರೆ. ಆದರೆ ಕತ್ತಲಾದ ಮೇಲೆ ಗುಡ್ಡ ಹತ್ತಬೇಡಿ. ಸ್ಟೇಷನ್ನಿನ ಬೀಗದ ಕೈ ನಿಮ್ಮ ತಂಗಿ ಪಾಲೀನ್ ಹತ್ತಿರ ಇದೆ. ಇನ್ನು ಮೇಲೆ ಅವರು ನಿಮ್ಮಲ್ಲೇ ಮಲಗುತ್ತಾರೆ.

ನಿನ್ನೆ ನೀವು ನಕ್ಕ ಮೇಲೆ ರೇಡಿಯೊದಲ್ಲಿ ಅಜ್ಜ ಹೇಳಿದ್ದು ನಿಮಗೆ ಕೇಳಿಸಲಿಲ್ಲವೇನೋ: "ನಿನ್ನ ಹಿಂದೆ ನಿಂತಿದಾನಲ್ಲ ಹುಡುಗ, ಅವನನ್ನೂ ಕರ್ಕೊಂಡು ಬಾ."

ನಾಳೆ ಬೆಳಗಿನ ಬಸ್ಸಿಗೆ ಊರು ಬಿಟ್ಟು ಕೊಲಂಬಸ್ ನಗರಕ್ಕೆ ಹೊರಡುತ್ತೇನೆ.

ನಿಮ್ಮ
ಕೋಲ್ಬಿ